ನಿಮಗಿದು ಗೊತ್ತೇ? ಮಡಿಕೇರಿಯಲ್ಲಿ ನೀಲಿ, ದಾವಣಗೆರೆಯಲ್ಲಿ ಗುಲಾಬಿ!

ಮಡಿಕೇರಿಗೆ ಹೋಗಿದ್ದೀರಿ. ಯಾರದೋ ಮನೆಯಂಗಳದಲ್ಲಿ ತೆಂಗಿನಕಾಯಿ ಗಾತ್ರದ ನೀಲಿ ಹೂಗೊಂಚಲು. ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಕೇಳಿ ಒಂದು ಗಿಡ ತಂದಿರಿ. ದಾವಣಗೆರೆಯ ಮನೆ ಮುಂದೆ, ಎರೆಮಣ್ಣು ತುಂಬಿದ ಕುಂಡದಲ್ಲಿ ನೆಟ್ಟಿರಿ. ಹೇಗೋ ಬದುಕಿತು. ಹೂವೂ ಬಿಟ್ಟಿತು. ನೋಡಿದರೆ ಗುಲಾಬಿ ಬಣ್ಣ!

ಗಿಡ ಕೊಟ್ಟವರು ಟೋಪಿ ಹಾಕಿದರಾ? ಛೆ, ಅವರನ್ನು ಬೈಯಬೇಡಿ. ಗಿಡವೂ ಅದೇ, ಬೇರೂ ಅದೇ. ಬದಲಾಗಿದ್ದು ಮಣ್ಣು ಮಾತ್ರ!

ಈ ಹೂವೇ ಹೈಡ್ರಾಂಜಿಯಾ. ತಾನು ನಿಂತ ನೆಲದ ಗುಟ್ಟನ್ನು ಬಣ್ಣದಲ್ಲೇ ಹೇಳಿಬಿಡುವ ಹೂ. ಮಣ್ಣು ಹುಳಿಯಾಗಿದ್ದರೆ ನೀಲಿ. ಸುಣ್ಣದ ಅಂಶ ಹೆಚ್ಚಿದ್ದರೆ ಗುಲಾಬಿ. ಎರಡರ ನಡುವೆ ಇದ್ದರೆ ನೇರಳೆ!

ಲೆಕ್ಕ ಬೇಕಾ? ಮಣ್ಣಿನ ರಸಸಾರ 5.5ಕ್ಕಿಂತ ಕೆಳಗಿದ್ದರೆ ಹೂ ನೀಲಿ. 6.5 ದಾಟಿದರೆ ಗುಲಾಬಿ. ನಮ್ಮ ಎರೆಹೊಲದ ಮಣ್ಣೋ, ಸಾಮಾನ್ಯವಾಗಿ 7.5ರ ಮೇಲೆಯೇ ಇರುತ್ತದೆ. ಅಂದರೆ ಹತ್ತಿಗೆ ಹೆಸರಾದ ದಾವಣಗೆರೆಯ ಕಪ್ಪು ನೆಲದಲ್ಲಿ ಈ ಹೂ ಗುಲಾಬಿಯಾಗದೆ ಬೇರೆ ದಾರಿಯೇ ಇಲ್ಲ!

ಮಲೆನಾಡಿನ ಮಣ್ಣಿಗೆ ಈ ಹುಳಿ ಎಲ್ಲಿಂದ ಬಂತು? ಮಳೆಯಿಂದ! ಮಡಿಕೇರಿಯಲ್ಲಿ ವರ್ಷದ ಮಳೆ 3,000 ಮಿಲಿಮೀಟರ್ ದಾಟುತ್ತದೆ. ಅಷ್ಟು ನೀರು ಮಣ್ಣಿನ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ನಮ್ಮಲ್ಲಿ ಅದರ ಕಾಲು ಭಾಗ ಬಂದರೆ ಪುಣ್ಯ. ಸುಣ್ಣ ಇದ್ದಲ್ಲೇ ಕೂತಿರುತ್ತದೆ.

ಈಗ ಸ್ಕೂಲಿನ ಲಿಟ್ಮಸ್ ಕಾಗದ ನೆನಪು ಮಾಡಿಕೊಳ್ಳಿ. ಆಮ್ಲಕ್ಕೆ ಅದ್ದಿದರೆ ನೀಲಿ ಕಾಗದ ಕೆಂಪಾಗುತ್ತಿತ್ತು, ಅಲ್ವಾ? ಹೈಡ್ರಾಂಜಿಯಾ ಪೂರ್ತಿ ಉಲ್ಟಾ! ಹುಳಿಗೆ ನೀಲಿ, ಕ್ಷಾರಕ್ಕೆ ಕೆಂಪು ಛಾಯೆ. ಪರೀಕ್ಷೆಯಲ್ಲಿ ಹೂ ನೋಡಿ ಉತ್ತರ ಬರೆದರೆ ಫೇಲ್!

ನಮ್ಮ ಅಡುಗೆ ಮನೆಯಲ್ಲೂ ಇಂಥ ಮಾಯೆ ಇದೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದಿಲ್ಲವೇ? ಆರತಿ ತಟ್ಟೆಯ ಕೆಂಪು ನೀರು ಆಗುವುದೇ ಹಾಗೆ. ಅಜ್ಜಿಗೆ ಈ ಹೂವಿನ ಕಥೆ ಹೇಳಿದರೆ, ಇದರಲ್ಲೇನಪ್ಪಾ ವಿಶೇಷ ಅಂದಾರು!

ಆದರೆ ಇಲ್ಲೊಂದು ಕಳ್ಳ ಇದ್ದಾನೆ. ಬಣ್ಣ ಬದಲಿಸುವುದು ನೇರವಾಗಿ ಹುಳಿಯಲ್ಲ. ಅಲ್ಯುಮಿನಿಯಂ! ಹೌದು, ನಿಮ್ಮ ಮನೆಯ ಪಾತ್ರೆಯಲ್ಲಿರುವ ಅದೇ ಅಲ್ಯುಮಿನಿಯಂ. ಹುಳಿ ಮಣ್ಣಿನಲ್ಲಿ ಅದು ಕರಗುತ್ತದೆ. ಬೇರು ಅದನ್ನು ಕುಡಿಯುತ್ತದೆ. ಹೂವಿಗೆ ತಲುಪಿ ಅಲ್ಲಿನ ಬಣ್ಣವನ್ನು ಅಪ್ಪಿ ಹಿಡಿಯುತ್ತದೆ. ಗುಲಾಬಿ ನೀಲಿಯಾಗುತ್ತದೆ!

ಹಾಗಾದರೆ ನಮ್ಮ ಎರೆಮಣ್ಣಿನಲ್ಲಿ ಅಲ್ಯುಮಿನಿಯಂ ಇಲ್ಲವಾ? ಬೇಕಾದಷ್ಟಿದೆ! ಜೇಡಿ ಅಂಶ ತುಂಬಿದ ಮಣ್ಣು ಅದು. ಆದರೆ ಸುಣ್ಣ ಅದನ್ನು ಕರಗಲು ಬಿಡುವುದಿಲ್ಲ. ಬೀರುವಿನಲ್ಲಿ ದುಡ್ಡಿದೆ, ಕೀಲಿಕೈ ಮಾತ್ರ ಇಲ್ಲ!

ಇನ್ನೂ ಸೋಜಿಗ ಕೇಳಿ. ಕರಗಿದ ಅಲ್ಯುಮಿನಿಯಂ ಹೆಚ್ಚಿನ ಗಿಡಗಳಿಗೆ ವಿಷ. ಬೇರಿನ ತುದಿಯನ್ನೇ ಸುಟ್ಟುಬಿಡುತ್ತದೆ. ಹೈಡ್ರಾಂಜಿಯಾ ಅದನ್ನು ಅರಗಿಸಿಕೊಂಡು ಅಲಂಕಾರ ಮಾಡಿಕೊಳ್ಳುತ್ತದೆ! ಈ ವಿದ್ಯೆ ಗೊತ್ತಿರುವ ಇನ್ನೊಂದು ಗಿಡ ಯಾವುದು ಗೊತ್ತೇ? ನೀವು ಬೆಳಿಗ್ಗೆ ಕುಡಿಯುವ ಚಹಾದ ಗಿಡ!

ಹೂವಿನಲ್ಲಿರುವ ಬಣ್ಣದ ಹೆಸರು ಡೆಲ್ಫಿನಿಡಿನ್. ಹೆಸರು ಕೇಳಿ ಹೆದರಬೇಡಿ. ಬದನೆಕಾಯಿ ಸಿಪ್ಪೆಯ ಕಪ್ಪು ನೇರಳೆಗೂ ಇದೇ ಮನೆತನದ ಬಣ್ಣವೇ ಕಾರಣ. ರೊಟ್ಟಿ ಜೊತೆ ಎಣ್ಣೆಗಾಯಿ ತಿನ್ನುವಾಗ ಹೈಡ್ರಾಂಜಿಯಾದ ನೆಂಟರನ್ನೇ ತಿನ್ನುತ್ತೀರಿ ಅಂತಿಟ್ಟುಕೊಳ್ಳಿ!

ಬಿಳಿ ಹೈಡ್ರಾಂಜಿಯಾ ಕೂಡ ಇದೆ. ಅದಕ್ಕೆ ಎಂಥ ಮಣ್ಣು ಕೊಟ್ಟರೂ ನೀಲಿಯಾಗದು. ಬದಲಾಗಲು ಅದರಲ್ಲಿ ಬಣ್ಣವೇ ಇಲ್ಲವಲ್ಲ!

ಒಂದೇ ಗಿಡದಲ್ಲಿ ಒಂದು ಕಡೆ ನೀಲಿ, ಇನ್ನೊಂದು ಕಡೆ ಗುಲಾಬಿ ಗೊಂಚಲು ಬಿಡಬಹುದು ಅಂದರೆ ನಂಬುತ್ತೀರಾ? ನಂಬಲೇಬೇಕು! ಒಂದು ಬದಿಯ ಬೇರು ಹುಳಿ ಮಣ್ಣಿಗೆ, ಇನ್ನೊಂದು ಬದಿಯದು ಗೋಡೆಯ ಸುಣ್ಣ ಸಿಮೆಂಟು ಇಳಿದ ಮಣ್ಣಿಗೆ ಹೋದರೆ ಹೀಗಾಗುತ್ತದೆ. ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಹೊಯ್ಸಳರ ಕಾಲದಲ್ಲಿ, 1224ರ ಸುಮಾರಿಗೆ ಪೋಲಾಳ್ವ ದಂಡನಾಯಕ ಕಟ್ಟಿಸಿದ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರ ಆಗಿ ನಿಂತ ದೇವರನ್ನೇ ದಿನಾ ನೋಡುವ ಊರು ಅದು!

ಅದೇ ಹರಿಹರದ ಪಕ್ಕದಲ್ಲಿ ಹರಿಯುವ ತುಂಗಭದ್ರೆ ಎಲ್ಲಿಂದ ಬರುತ್ತಾಳೆ? ತುಂಗೆಯೂ ಭದ್ರೆಯೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಹೈಡ್ರಾಂಜಿಯಾ ಇಷ್ಟಪಡುವ ಹುಳಿ ಮಣ್ಣಿನ, ತಂಪು ಗಾಳಿಯ ಸೀಮೆ. ನೀರು ಮಾತ್ರ ಇಲ್ಲಿಗೆ ಬಂತು. ಹವೆ ಅಲ್ಲೇ ಉಳಿಯಿತು!

ನೀಲಿ ಬೇಕೇ ಬೇಕು ಎನ್ನುವ ಹಟವಾ? ಗ್ರಂಥಿಗೆ ಅಂಗಡಿಗೆ ಹೋಗಿ. ದೃಷ್ಟಿ ತಾಗದಿರಲಿ ಅಂತ ಬಾಗಿಲಿಗೆ ಕಟ್ಟುತ್ತಾರಲ್ಲ, ಕ್ಷೌರದ ನಂತರ ಕೆನ್ನೆಗೆ ಉಜ್ಜುತ್ತಾರಲ್ಲ, ಆ ಪಟಿಕ ಕೇಳಿ. ಪಟಿಕದಲ್ಲಿ ಇರುವುದೂ ಅಲ್ಯುಮಿನಿಯಮ್ಮೇ! ನಾಲ್ಕು ಲೀಟರ್ ನೀರಿಗೆ ಒಂದು ಟೀ ಚಮಚ ಪುಡಿ ಕರಗಿಸಿ, ಮೊದಲೇ ಒದ್ದೆಯಾಗಿರುವ ಬುಡಕ್ಕೆ ಹಾಕಿ. ಎಲೆಗೆ ತಾಗಿಸಬೇಡಿ. ಆಸೆಗೆ ಬಿದ್ದು ಹಿಡಿಗಟ್ಟಲೆ ಸುರಿದರೆ ಬೇರು ಸುಟ್ಟು ಗಿಡವೇ ಹೋಗುತ್ತದೆ!

ಹಾಗಂತ ಇವತ್ತು ಪಟಿಕ ಹಾಕಿ ನಾಳೆ ನೀಲಿ ಕೇಳಬೇಡಿ. ಅರಳಿ ನಿಂತ ಹೂ ಮಾತು ಕೇಳುವುದಿಲ್ಲ. ಮೊಗ್ಗು ಕಾಣುವ ಎಷ್ಟೋ ಮೊದಲೇ ಶುರು ಮಾಡಬೇಕು. ತಿಂಗಳುಗಟ್ಟಲೆ ಕಾಯುವ ಕೆಲಸ.

ಇನ್ನೊಂದು ಎಡವಟ್ಟು ಕೇಳಿ. ರೈತರ ಮನೆಯ ಮೂಲೆಯಲ್ಲಿ ಡಿಎಪಿ ಚೀಲ ಇದ್ದೇ ಇರುತ್ತದೆ. ಗಿಡ ಚೆನ್ನಾಗಿ ಬರಲಿ ಅಂತ ಒಂದು ಮುಷ್ಟಿ ಹಾಕಿದಿರೋ, ನೀಲಿಗೆ ಎಳ್ಳುನೀರು! ಡಿಎಪಿಯ ರಂಜಕ ಅಲ್ಯುಮಿನಿಯಂ ಅನ್ನು ಮಣ್ಣಿನಲ್ಲೇ ಕಟ್ಟಿಹಾಕುತ್ತದೆ. ಒಲೆ ಬೂದಿಯೂ ಅಷ್ಟೆ, ಮಣ್ಣನ್ನು ಕ್ಷಾರದ ಕಡೆಗೇ ತಳ್ಳುತ್ತದೆ.

ತುಕ್ಕು ಹಿಡಿದ ಮೊಳೆ ಹೂತರೆ ನೀಲಿ ಬರುತ್ತೆ ಅಂತ ಯಾರಾದರೂ ಹೇಳಿದರಾ? ತಲೆಯಾಡಿಸಿ ಸುಮ್ಮನಾಗಿ. ಮೊಳೆಯಲ್ಲಿರುವುದು ಕಬ್ಬಿಣ. ಇಲ್ಲಿ ಕೆಲಸ ಅಲ್ಯುಮಿನಿಯಮ್ಮಿನದು!

ಬರೀ ಕೊಕೊಪೀಟ್‌ನಲ್ಲಿ ನೆಟ್ಟರೆ? ಹುಳಿ ಇದ್ದರೂ ನೀಲಿ ಬರುವುದು ಕಷ್ಟ. ತೆಂಗಿನ ನಾರಿನ ಪುಡಿಯಲ್ಲಿ ಅಲ್ಯುಮಿನಿಯಂ ಎಲ್ಲಿಂದ ಬರಬೇಕು! ಅದಕ್ಕೇ ನರ್ಸರಿಯವರು ಅಲ್ಯುಮಿನಿಯಂ ಅನ್ನು ಬೇರೆಯಾಗಿ ಕಲಸಿ ಹಾಕುತ್ತಾರೆ. ನೀವು ಕೊಂಡು ತಂದ ನೀಲಿ ಕುಂಡ ಮನೆಗೆ ಬಂದು ಬಣ್ಣಗೆಡಲು ಇದೂ ಒಂದು ಕಾರಣ.

ಬೋರ್ ನೀರೂ ಇದರಲ್ಲಿ ಪಾಲುದಾರ. ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವ ಗಡಸು ನೀರನ್ನು ದಿನಾ ಹಾಕಿದರೆ ಕುಂಡಕ್ಕೆ ದಿನಾ ಚಿಟಿಕೆ ಸುಣ್ಣ ಹಾಕಿದ ಹಾಗೆಯೇ. ತಾರಸಿಯಿಂದ ಇಳಿಯುವ ಮಳೆ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಡಿ. ಈ ಗಿಡಕ್ಕೆ ಅದು ಅಮೃತ!

ಸರಿ, ಬಣ್ಣ ಬಿಡಿ. ನೀವು ಹೂವೆಂದು ಕಣ್ಣರಳಿಸುವುದು ಹೂವಿನ ಎಸಳೇ ಅಲ್ಲ ಅಂದರೆ? ಅದು ಪುಷ್ಪಪಾತ್ರೆ! ಅಂದರೆ ಮೊಗ್ಗನ್ನು ಹೊರಗಿನಿಂದ ಮುಚ್ಚಿಕೊಂಡಿರುತ್ತದಲ್ಲ, ದಾಸವಾಳದಲ್ಲಿ ಹಸಿರಾಗಿರುತ್ತದಲ್ಲ, ಅದು. ಇಲ್ಲಿ ಅದೇ ಅಗಲವಾಗಿ ಬೆಳೆದು ಬಣ್ಣ ಹಚ್ಚಿಕೊಂಡು ಮೆರೆಯುತ್ತದೆ. ನಿಜವಾದ ಹೂ ಸಾಸಿವೆ ಕಾಳಿನಂಥ ಚುಕ್ಕಿ!

ಇಂಥ ಮೋಸ ನಿಮ್ಮ ಬೀದಿಯಲ್ಲೇ ಇನ್ನೊಂದಿದೆ. ಕಾಂಪೌಂಡ್ ಮೇಲೆ ಹಬ್ಬಿದ ಕಾಗದದ ಹೂ, ಅದೇ ಬೋಗನ್‌ವಿಲ್ಲಾ! ಅದರ ಬಣ್ಣವೂ ಎಸಳಿನದಲ್ಲ, ಎಲೆಯದು. ಮಜಾ ಏನೆಂದರೆ ಬೋಗನ್‌ವಿಲ್ಲಾಕ್ಕೂ, ಹೈಡ್ರಾಂಜಿಯಾದ ಇನ್ನೊಂದು ಹೆಸರಾದ ಹಾರ್ಟೆನ್ಸಿಯಾಕ್ಕೂ ನಾಮಕರಣ ಮಾಡಿದವನು ಒಬ್ಬನೇ. ಫಿಲಿಬೆರ್ ಕಾಮರ್ಸನ್ ಎಂಬ ಫ್ರೆಂಚ್ ಸಸ್ಯವಿಜ್ಞಾನಿ!

ಅವನ ಸಹಾಯಕನ ಕಥೆ ಇನ್ನೂ ಜೋರು. ಹಡಗಿನಲ್ಲಿ ಗಿಡದ ಹೊರೆ ಹೊತ್ತು ತಿರುಗುತ್ತಿದ್ದ ಆ ಹುಡುಗ ಹುಡುಗನೇ ಅಲ್ಲ, ಗಂಡಸಿನ ವೇಷ ಹಾಕಿದ್ದ ಜೀನ್ ಬಾರೆ ಎಂಬ ಹೆಂಗಸು! 1766ರಲ್ಲಿ ಶುರುವಾದ ಯಾತ್ರೆ ಅದು. ಕೊನೆಗೆ ಭೂಮಿಯನ್ನು ಸುತ್ತಿ ಬಂದ ಮೊದಲ ಮಹಿಳೆ ಎಂಬ ಹೆಸರು ಆಕೆಗೇ ಬಂತು!

ಹೈಡ್ರಾಂಜಿಯಾದಲ್ಲಿ ಚಪ್ಪಟೆ ತಟ್ಟೆಯಂತೆ ಅರಳುವ ಜಾತಿಯೊಂದಿದೆ. ನಡುವೆ ಪುಟಾಣಿ ಹೂ, ಸುತ್ತ ಅಲಂಕಾರದ ಹೂ. ದುಂಬಿ ಬಂದು ನಡುವಿನ ಹೂಗಳ ಪರಾಗಸ್ಪರ್ಶ ಮುಗಿದ ಮೇಲೆ ಸುತ್ತಲಿನವು ಏನು ಮಾಡುತ್ತವೆ ಗೊತ್ತೇ? ಮುಖ ಕೆಳಗೆ ಮಾಡಿ ತಿರುಗಿ ನಿಲ್ಲುತ್ತವೆ. ಅಂಗಡಿ ಬಂದ್ ಅಂತ ಬೋರ್ಡ್ ತಿರುಗಿಸಿದ ಹಾಗೆ!

ಹೈಡ್ರಾಂಜಿಯಾ ಅಂದರೆ ಗ್ರೀಕ್ ಭಾಷೆಯಲ್ಲಿ ನೀರಿನ ಪಾತ್ರೆ. ಬಾಯಾರಿಕೆ ಹೆಚ್ಚಿರುವ ಗಿಡ, ಅದಕ್ಕೇ ಆ ಹೆಸರು ಅಂದುಕೊಂಡಿರಾ? ಅಲ್ಲ! ಅದರ ಬೀಜದ ಕಾಯಿ ಪುಟ್ಟ ಬಿಂದಿಗೆಯ ಹಾಗಿದೆ, ಅದಕ್ಕೆ. ಬಾಯಾರಿಕೆ ಜಾಸ್ತಿ ಎನ್ನುವುದೂ ನಿಜವೇ, ಅದು ಕಾಕತಾಳೀಯ!

ಬಾಯಾರಿಕೆ ಎಂದಾಗ ನೆನಪಾಯಿತು. ಪಿ.ಜೆ. ಬಡಾವಣೆಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಹಿತ್ತಲಿಗೆ ಹೋದವರು ಅಲ್ಲಿಂದಲೇ ಕೂಗಿದರು. “ಲೇ, ಬಾರೋ ಇಲ್ಲಿ, ನಿನ್ ಗಿಡ ಸತ್ತೇ ಹೋತು!” ಓಡಿ ಹೋಗಿ ನೋಡಿದೆ. ಅಂಗೈಯಗಲದ ಎಲೆಗಳು ಹಿಂಡಿ ಒಗೆದ ಬಟ್ಟೆಯ ಹಾಗೆ ಜೋತು ಬಿದ್ದಿವೆ. ಗೊಂಚಲು ನೆಲ ನೋಡುತ್ತಿದೆ. ದೊಡ್ಡಮ್ಮ ಆಗಲೇ ಕೊಡ ಎತ್ತಿದ್ದರು. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿದರೆ ಒಳಗೆ ಚೆನ್ನಾಗಿ ಹಸಿ ಇದೆ. “ದೊಡ್ಡಮ್ಮಾ, ಒಂದು ತೊಟ್ಟೂ ಹಾಕಬೇಡ, ಸಂಜೆವರೆಗೂ ತಡಿ” ಅಂದೆ. ನನ್ನನ್ನು ಕೊಲೆಗಾರನ ಹಾಗೆ ನೋಡಿದರು. ಸಂಜೆ ಆರೂವರೆಗೆ ಅವರೇ ಕರೆದರು. ಗಿಡ ಸೆಟೆದು ನಿಂತಿದೆ, ಏನೂ ಆಗೇ ಇಲ್ಲ ಎನ್ನುವ ಹಾಗೆ!

ನಾಟಕದ ಗುಟ್ಟು ಇಷ್ಟೆ. ಬಿಸಿಲಿನಲ್ಲಿ ಅಗಲ ಎಲೆ ಕಳೆದುಕೊಳ್ಳುವ ನೀರನ್ನು ಬೇರು ಅಷ್ಟು ಬೇಗ ಮೇಲೆತ್ತಲಾರದು. ಹೊತ್ತು ಇಳಿದರೆ ಲೆಕ್ಕ ಸರಿ. ಮಣ್ಣು ಹಸಿ ಇರುವಾಗಲೂ ಕೊಡಗಟ್ಟಲೆ ಸುರಿದರೆ ಬೇರು ಕೊಳೆಯುತ್ತದೆ. ಆಮೇಲೆ ನಿಜವಾಗಿಯೂ ಸಾಯುತ್ತದೆ!

ಕುಂಡ ಎಲ್ಲಿಡಬೇಕು? ಪೂರ್ವದ ಗೋಡೆ ಪಕ್ಕ. ಬೆಳಗಿನ ಎಳೆ ಬಿಸಿಲು ಸಿಗಲಿ, ಹತ್ತು ಗಂಟೆಯ ಮೇಲೆ ನೆರಳು. ಪಶ್ಚಿಮದ ಬಾಲ್ಕನಿಯಲ್ಲಿಟ್ಟರೆ ಮಾರ್ಚಿಗೇ ಎಲೆ ಅಂಚು ಸುಟ್ಟು ಮಿರ್ಚಿ ಕರಿದ ಬಣ್ಣ! ಬುಡಕ್ಕೆ ಹೊದಿಕೆ ಬೇಕು. ಅದಕ್ಕೇನು ಬರ? ಅಕ್ಕಿ ಗಿರಣಿಗಳ ಊರಿದು, ಬತ್ತದ ಹೊಟ್ಟು ತಂದು ಎರಡು ಇಂಚು ಹರಡಿ.

ಕತ್ತರಿಸಿ ತಂದ ಗೊಂಚಲು ಬಾಡಿತಾ? ಎಸೆಯಬೇಡಿ! ಬಕೆಟ್ ನೀರಿನಲ್ಲಿ ತಲೆಕೆಳಗಾಗಿ ಮುಳುಗಿಸಿ ಒಂದು ಗಂಟೆ ಬಿಡಿ. ಈ ಹೂ ತೊಟ್ಟಿನಿಂದ ಮಾತ್ರವಲ್ಲ, ಮುಖದಿಂದಲೂ ನೀರು ಕುಡಿಯುತ್ತದೆ! ಎಷ್ಟೋ ಸಲ ಮತ್ತೆ ಅರಳಿ ಕೂರುತ್ತದೆ.

ಈಗ ಸ್ವಲ್ಪ ಕಹಿ ಸುದ್ದಿ. ಗಿಡ ಹಚ್ಚಗೆ ಇದೆ, ಎರಡು ವರ್ಷವಾದರೂ ಹೂವಿಲ್ಲ ಎನ್ನುತ್ತೀರಾ? ತಪ್ಪು ನಿಮ್ಮದೇ ಆಗಿರಬೇಕಿಲ್ಲ. ಮೊಗ್ಗು ಕಟ್ಟಲು ಈ ಗಿಡಕ್ಕೆ ಸುಮಾರು ಆರು ವಾರ 18 ಡಿಗ್ರಿಗಿಂತ ಕೆಳಗಿನ ತಂಪು ಬೇಕು. ಊಟಿ, ಕೊಡೈಕೆನಾಲ್, ಮಡಿಕೇರಿಯಲ್ಲಿ ಅದು ಪುಕ್ಕಟೆ. ನಮ್ಮಲ್ಲಿ ಡಿಸೆಂಬರ್ ರಾತ್ರಿ ಹೇಗೋ ಅಲ್ಲಿಗೆ ಮುಟ್ಟುತ್ತದೆ, ಹಗಲು ಮತ್ತೆ ಬೆವರು! ಹಾಗಾಗಿ ದಾವಣಗೆರೆಯಲ್ಲಿ ಹೈಡ್ರಾಂಜಿಯಾ ಮನೆ ಮಗಳಲ್ಲ, ಬಂದು ಹೋಗುವ ನೆಂಟಳು. ಮೊಗ್ಗಿರುವ ಕುಂಡ ತಂದು ವಾರಗಟ್ಟಲೆ ಹೂ ನೋಡಿ ಖುಷಿಪಡಿ. ಮುಂದಿನ ವರ್ಷವೂ ಬಿಟ್ಟರೆ ಬೀದಿಗೆಲ್ಲ ಸಕ್ಕರೆ ಹಂಚಿ!

ಬರುವ ನಾಲ್ಕು ಮೊಗ್ಗನ್ನೂ ಕೈಯಾರೆ ಕೊಲ್ಲುವವರಿದ್ದಾರೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಗಿಡಕ್ಕೂ ಕತ್ತರಿ! ಸಾಮಾನ್ಯ ಹೈಡ್ರಾಂಜಿಯಾ ಹೂ ಬಿಡುವುದು ಹಳೆಯ ಕಡ್ಡಿಯ ತುದಿಯಲ್ಲಿ. ಆ ತುದಿ ಕತ್ತರಿಸಿದರೆ ಮುಂದಿನ ವರ್ಷದ ಹೂ ಕಸದ ಬುಟ್ಟಿಗೆ ಹೋಯಿತು. ಹೂ ಬಾಡಿದ ಕೂಡಲೇ ಸವರಿ, ಆಮೇಲೆ ಕತ್ತರಿ ಬಚ್ಚಿಡಿ.

ಹೊಸ ಕಡ್ಡಿಯಲ್ಲೂ ಹೂ ಬಿಡುವ ತಳಿ ಇಲ್ಲವೇ? ಇದೆ! ಅಮೆರಿಕದ ನರ್ಸರಿಯೊಂದರ ಸಾಲಿನಲ್ಲಿ ಮೈಕೆಲ್ ಡರ್ ಎಂಬ ಪ್ರೊಫೆಸರ್ 1998ರಲ್ಲಿ ಅದನ್ನು ಗುರುತಿಸಿದರು. 2004ರಲ್ಲಿ ‘ಎಂಡ್‌ಲೆಸ್ ಸಮ್ಮರ್’ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಮುಗಿಯದ ಬೇಸಿಗೆ ಅಂತ ಅರ್ಥ. ಆ ಹೆಸರು ನಮ್ಮೂರಿಗೇ ಹೆಚ್ಚು ಒಪ್ಪುತ್ತದೆ ಬಿಡಿ!

ಒಂದು ಗಿಡದಿಂದ ಹತ್ತು ಮಾಡುವುದು ಸುಲಭ. ಮಳೆಗಾಲದಲ್ಲಿ ಹೂವಿಲ್ಲದ ಕಡ್ಡಿ ಮುರಿದು, ಎರಡೆಲೆ ಉಳಿಸಿ, ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ ನೆರಳಲ್ಲಿಡಿ. ಬೇರು ಬರುತ್ತದೆ!

ಮನೆಯಲ್ಲಿ ಆಡು, ದನ, ನಾಯಿ ಇದ್ದರೆ ಹುಷಾರು. ಎಲೆ ಮೊಗ್ಗು ಎಲ್ಲವೂ ವಿಷ. 2008ರಲ್ಲಿ ಜಪಾನಿನಲ್ಲಿ ಊಟದ ತಟ್ಟೆಯ ಅಲಂಕಾರಕ್ಕಿಟ್ಟ ಹೈಡ್ರಾಂಜಿಯಾ ಎಲೆಯನ್ನು ತಿಂದವರು ವಾಂತಿಯಾಗಿ ಒದ್ದಾಡಿದರು!

ಅದೇ ಜಪಾನಿನಲ್ಲಿ ಇದರ ತಂಗಿಯಂಥ ಗಿಡವೊಂದರ ಎಲೆ ಸಕ್ಕರೆಗಿಂತ ನೂರಾರು ಪಟ್ಟು ಸಿಹಿ ಅಂಶ ಇಟ್ಟುಕೊಂಡಿದೆ. ಅದರ ಕಷಾಯದ ಹೆಸರು ಅಮಾಚಾ. ಬುದ್ಧನ ಹುಟ್ಟುಹಬ್ಬವಾದ ಏಪ್ರಿಲ್ 8ರಂದು ಪುಟ್ಟ ಬುದ್ಧನ ಮೂರ್ತಿಗೆ ಅದರಿಂದಲೇ ಅಭಿಷೇಕ! ಅಕ್ಕ ವಿಷ, ತಂಗಿ ತೀರ್ಥ!

ಈ ಹೂವಿನ ತವರು ಜಪಾನೇ. ಅಲ್ಲಿ ಅರಳುವುದು ಜೂನ್ ಮಳೆಗೆ, ನಮ್ಮಲ್ಲಿ ಮೃಗಶಿರಾ, ಆರಿದ್ರಾ ಎಂದು ಮುಗಿಲು ನೋಡುವ ಹೊತ್ತಿಗೆ ಸರಿಯಾಗಿ! ಅಲ್ಲಿ ಇದಕ್ಕೆ ಏಳು ವೇಷದ ಹೂ ಅನ್ನುವ ಅಡ್ಡಹೆಸರೂ ಇದೆ.

ನಾಗಸಾಕಿ ನಗರದ ಅಧಿಕೃತ ಹೂವೂ ಇದೇ. ಅದರ ಹಿಂದೆ ಒಂದು ಪ್ರೇಮಕಥೆ ಇದೆ. 1823ರಲ್ಲಿ ಅಲ್ಲಿಗೆ ಬಂದ ಜರ್ಮನ್ ವೈದ್ಯ ಸೀಬೋಲ್ಡ್ ತಾಕಿ ಎಂಬ ಹೆಣ್ಣನ್ನು ಮೆಚ್ಚಿದ. ಜಪಾನಿನ ನಕಾಶೆ ಇಟ್ಟುಕೊಂಡ ಆರೋಪದ ಮೇಲೆ 1829ರಲ್ಲಿ ಅವನನ್ನು ಗಡೀಪಾರು ಮಾಡಿದರು. ಹೆಂಡತಿ, ಪುಟ್ಟ ಮಗಳು ಅಲ್ಲೇ ಉಳಿದರು. ಯೂರೋಪಿಗೆ ಹೋದ ಮೇಲೆ ಈ ಹೂವಿಗೆ ಅವನು ಇಟ್ಟ ಹೆಸರು ‘ಓಟಾಕ್ಸಾ’. ‘ಓ ತಾಕಿ ಸಾನ್’ ಎಂದು ಅವಳನ್ನು ಕರೆಯುತ್ತಿದ್ದ ರೀತಿ ಅದು! ಆ ಮಗಳು ಇನೆ ಮುಂದೆ ಪಾಶ್ಚಾತ್ಯ ವೈದ್ಯಕೀಯ ಕಲಿತ ಜಪಾನಿನ ಮೊದಲ ಮಹಿಳೆ ಎನಿಸಿಕೊಂಡಳು!

ಎಲ್ಲರಿಗೂ ಈ ಹೂ ಇಷ್ಟ ಅನ್ನಬೇಡಿ ಮತ್ತೆ. 2011ರಲ್ಲಿ ವೆನಿಸ್ ಸಿನಿಮಾ ಉತ್ಸವದಲ್ಲಿ ಅಭಿಮಾನಿಯೊಬ್ಬ ಗಾಯಕಿ ಮಡೋನಾಗೆ ಹೈಡ್ರಾಂಜಿಯಾ ಕೊಟ್ಟ. ನಗುತ್ತಾ ತಗೊಂಡವರು ಪಕ್ಕದವರಿಗೆ, ನನಗೆ ಈ ಹೂ ಕಂಡರಾಗದು ಅಂದುಬಿಟ್ಟರು. ಮೈಕ್ ಆನ್ ಇತ್ತು!

ಅಟ್ಲಾಂಟಿಕ್ ಸಾಗರದ ನಡುವೆ ಪೋರ್ಚುಗಲ್ಲಿಗೆ ಸೇರಿದ ಫಾಯಲ್ ಎಂಬ ದ್ವೀಪವಿದೆ. ಅಡ್ಡಹೆಸರು ನೀಲಿ ದ್ವೀಪ. ಯಾಕೆ? ನಾವು ಹೊಲಕ್ಕೆ ಕಳ್ಳಿ, ಕತ್ತಾಳೆ ಬೇಲಿ ಹಾಕಿದ ಹಾಗೆ ಅಲ್ಲಿನವರು ಹೊಲದ ಬೇಲಿಗೇ ಹೈಡ್ರಾಂಜಿಯಾ ನೆಟ್ಟಿದ್ದಾರೆ! ಇಲ್ಲಿ ಒಂದು ಕುಂಡಕ್ಕೆ ಕೊಡೆ ಹಿಡಿದು ಕೂತವರ ಹೊಟ್ಟೆ ಉರಿಯುವ ಸುದ್ದಿ.

ಇನ್ನು ಮೇಲೆ ಯಾರ ಮನೆಯಂಗಳದಲ್ಲಾದರೂ, ಕುಂದುವಾಡದ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನದಲ್ಲಾದರೂ ಈ ಹೂ ಕಂಡರೆ ಸುಮ್ಮನೆ ಸೆಲ್ಫಿ ತೆಗೆದುಕೊಂಡು ಬರಬೇಡಿ. ಬಣ್ಣ ನೋಡಿ, ಬೇರು ಹುಳಿ ಉಂಡಿದೆಯೋ ಸುಣ್ಣ ಉಂಡಿದೆಯೋ ಠಕ್ಕನೆ ಹೇಳಿಬಿಡಿ. ಸುತ್ತಲಿನವರು ಬೆರಗಾಗಲಿ. ಹೂ ಬಿಳಿಯಾಗಿದ್ದರೆ ಮಾತ್ರ ಬಾಯಿ ಬಿಡಬೇಡಿ!